ಇಡೀ ಮನೆಗೆ ಒಂದೇ ಹ್ಯುಮಿಡಿಫೈಯರ್: ಆರಿಸುವುದು, ಕೂರಿಸುವುದು ಹೇಗೆ?

ಹ್ಯುಮಿಡಿಫೈಯರ್ ಅಂದರೆ ಮನೆಯ ಒಣ ಗಾಳಿಗೆ ತೇವ ಸೇರಿಸುವ ಯಂತ್ರ. ಅದನ್ನು ಕೊಳ್ಳಲು ಹೊರಡುವ ಮೊದಲು ಅಡುಗೆಮನೆಯಿಂದ ಒಂದು ಚಮಚ ಉಪ್ಪು ತನ್ನಿ. ಬಾಟಲಿಯ ಮುಚ್ಚಳಕ್ಕೆ ಉಪ್ಪು ಹಾಕಿ, ಮೇಲೆ ನಾಲ್ಕೈದು ಹನಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಈ ಮುಚ್ಚಳವನ್ನೂ, ತೇವಾಂಶ ತೋರಿಸುವ ಪುಟ್ಟ ಹೈಗ್ರೋಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಗಿಯಾಗಿ ಮುಚ್ಚಿ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಹೊತ್ತಿಗೆ ಚೀಲದೊಳಗಿನ ತೇವಾಂಶ ಶೇ 75ಕ್ಕೆ ಬಂದು ನಿಂತಿರುತ್ತದೆ. ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸಿಬಿಡಿ.

ಇಷ್ಟೆಲ್ಲ ಯಾಕೆ ಅಂದರೆ, ಮುಂದಿನ ಕೆಲಸವೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ. ತುಟಿ ಒಡೆಯಿತು, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯಿತು ಅಂತ ಅಳೆಯದೆಯೇ ದೊಡ್ಡ ಯಂತ್ರ ತಂದು ಕೂರಿಸುವವರು ಜಾಸ್ತಿ. ತಿಂಗಳು ಕಳೆಯುವುದರೊಳಗೆ ಕಿಟಕಿಯ ಗಾಜಿನ ಮೇಲೆ ನೀರಿಳಿಯುತ್ತದೆ, ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬೂಸು ಹಿಡಿಯುತ್ತದೆ. ಒಣ ಗಾಳಿಗಿಂತ ಬೂಸು ಕೆಟ್ಟದ್ದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯೊಳಗೆ ಶೇ 30ರಿಂದ 50ರಷ್ಟು ತೇವಾಂಶ ಇರಲಿ ಎನ್ನುತ್ತದೆ. ನಿಮ್ಮ ಮನೆಯಲ್ಲಿ ಒಂದು ವಾರ ಬೆಳಿಗ್ಗೆ, ರಾತ್ರಿ ಅಳೆದು ನೋಡಿ. 30ರ ಮೇಲೇ ಇದ್ದರೆ ನಿಮಗೆ ಈ ಯಂತ್ರ ಬೇಡ.

ಗಾಳಿ ಒಣಗುವುದು ಯಾಕೆ?

ಚಳಿ ದೇಶಗಳಲ್ಲಿ ಇಡೀ ಮನೆಗೆ ಬಿಸಿ ಗಾಳಿ ಕೊಡುವ ಯಂತ್ರ ಫರ್ನೇಸ್. ಅದು ಗಾಳಿಯ ನೀರನ್ನೆಲ್ಲ ಹೀರಿಬಿಡುತ್ತದೆ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ತಣ್ಣನೆಯ ಗಾಳಿಯಲ್ಲಿ ನೀರು ಇರುವುದೇ ಕಡಿಮೆ. ಹೊರಗೆ ಮೈನಸ್ 10 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80 ಎಂದುಕೊಳ್ಳಿ. ಅದೇ ಗಾಳಿ ಬಾಗಿಲ ಸಂದಿಯಿಂದ ಒಳಗೆ ನುಸುಳಿ 21 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಶೇ 10ಕ್ಕಿಂತ ಕೆಳಗೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಿಲ್ಲ. ಗಾಳಿಗೆ ನೀರು ಹಿಡಿದಿಡುವ ಶಕ್ತಿ ಹೆಚ್ಚಾಗಿದೆ, ಅಷ್ಟೇ.

ಹಾಗಾಗಿ ಮೊದಲ ಮದ್ದು ಸಂದಿ ಮುಚ್ಚುವುದು. ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ, ಕಿಟಕಿ ಸುತ್ತ ಸೀಲೆಂಟ್, ಅಟ್ಟದ ಬಾಗಿಲಿಗೆ ಒಂದು ಪಟ್ಟಿ. ಸೋರುವ ಮನೆಗೆ ಹ್ಯುಮಿಡಿಫೈಯರ್ ಹಾಕುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಯಾವ ಬಗೆ?

ಫರ್ನೇಸಿಗೆ ಎರಡು ಕಡೆ ಡಕ್ಟ್, ಅಂದರೆ ಗಾಳಿ ಓಡಾಡುವ ದೊಡ್ಡ ತಗಡಿನ ಕೊಳವೆ ಇರುತ್ತದೆ. ಬಿಸಿ ಗಾಳಿ ಕೋಣೆಗಳಿಗೆ ಹೋಗುವುದು ಸಪ್ಲೈ ಕಡೆ. ಕೋಣೆಗಳ ಗಾಳಿ ವಾಪಸ್ ಬರುವುದು ರಿಟರ್ನ್ ಕಡೆ. ಸಪ್ಲೈ ಕಡೆ ಒತ್ತಡ ಜಾಸ್ತಿ. ಬೈಪಾಸ್ ಹ್ಯುಮಿಡಿಫೈಯರ್ ಕೆಲಸ ಮಾಡುವುದು ಇದೇ ಒತ್ತಡದಿಂದ. ಎರಡೂ ಡಕ್ಟಿನ ನಡುವೆ ಒಂದು ದುಂಡು ಕೊಳವೆ ಹಾಕುತ್ತಾರೆ. ಬಿಸಿ ಗಾಳಿಯ ಒಂದು ಪಾಲು ಒದ್ದೆ ಪ್ಯಾಡಿನ ಮೂಲಕ ಹಾದು ರಿಟರ್ನ್ ಸೇರುತ್ತದೆ. ಅದಕ್ಕೆ ಸ್ವಂತ ಫ್ಯಾನ್ ಇಲ್ಲ, ಸದ್ದಿಲ್ಲ, ಕೆಡುವ ಭಾಗಗಳೂ ಕಡಿಮೆ. ಬಹುಪಾಲು ಮನೆಗಳಿಗೆ ನಾನು ಹೇಳುವುದು ಇದನ್ನೇ.

ಬೈಪಾಸ್ ಕೊಳವೆ ಹಾಯಿಸಲು ಜಾಗವೇ ಇಲ್ಲದಿದ್ದರೆ ಫ್ಯಾನ್ ಇರುವ ಬಗೆ ತೆಗೆದುಕೊಳ್ಳಿ. ಸಪ್ಲೈ ಡಕ್ಟಿಗೆ ನೇರವಾಗಿ ಕೂರಿಸಬಹುದು. ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಬೇಕಾಗುತ್ತದೆ, ಸ್ವಲ್ಪ ಸದ್ದೂ ಇರುತ್ತದೆ.

ಮೂರನೆಯದು ಸ್ಟೀಮ್. ನೀರನ್ನು ಕರೆಂಟಿನಿಂದ ಕುದಿಸಿ ಹಬೆಯನ್ನು ಡಕ್ಟಿಗೆ ಬಿಡುತ್ತದೆ. ಇದಕ್ಕೆ ಫರ್ನೇಸ್ ಉರಿಯುತ್ತಿರಬೇಕೆಂದಿಲ್ಲ, ಗಾಳಿ ಓಡಿದರೆ ಸಾಕು. ಫರ್ನೇಸಿನ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ತಂದು ಬಿಸಿಮಾಡುವ ಯಂತ್ರ) ಇರುವ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ಯಾಕೆಂದರೆ ಹೀಟ್ ಪಂಪಿನ ಗಾಳಿ ಫರ್ನೇಸಿನಷ್ಟು ಬಿಸಿ ಇರುವುದಿಲ್ಲ, ಪ್ಯಾಡಿನ ನೀರು ಬೇಗ ಆವಿಯಾಗುವುದಿಲ್ಲ. ಆದರೆ ಸ್ಟೀಮ್ ಯಂತ್ರ ಕರೆಂಟ್ ಚೆನ್ನಾಗಿ ತಿನ್ನುತ್ತದೆ. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು.

ಹಳೆಯ ಮನೆಗಳಲ್ಲಿ ಡ್ರಮ್ ಬಗೆ ಕಾಣಸಿಗುತ್ತದೆ. ತೊಟ್ಟಿಯಲ್ಲಿ ನಿಂತ ನೀರು, ಅದರಲ್ಲಿ ತಿರುಗುವ ಸ್ಪಂಜು. ನಿಂತ ನೀರು ಲೋಳೆ ಕಟ್ಟುತ್ತದೆ, ಆ ಗಾಳಿಯನ್ನೇ ಮನೆಮಂದಿ ಉಸಿರಾಡಬೇಕಾಗುತ್ತದೆ. ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ.

ಎಷ್ಟು ದೊಡ್ಡದು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಷ್ಟವೇನಿಲ್ಲ. 2,000 ಚದರ ಅಡಿಯ ಮನೆ, 8 ಅಡಿ ಎತ್ತರದ ಸೂರು. ಒಳಗಿನ ಗಾಳಿ ಸುಮಾರು 450 ಘನ ಮೀಟರ್. ಎರಡು ಗಂಟೆಗೊಮ್ಮೆ ಅಷ್ಟೂ ಗಾಳಿ ಬದಲಾಗುತ್ತದೆ ಅಂದರೆ ಗಂಟೆಗೆ 225 ಘನ ಮೀಟರ್ ಹೊಸ ಗಾಳಿ ಬಂತು. ಹೊರಗೆ ಮೈನಸ್ 10 ಇದ್ದಾಗ ಒಳಗೆ ಶೇ 35 ತೇವಾಂಶ ಬೇಕೆಂದರೆ, ಪ್ರತಿ ಘನ ಮೀಟರಿಗೆ 5 ಗ್ರಾಂಗಿಂತ ತುಸು ಕಡಿಮೆ ನೀರು ಸೇರಿಸಬೇಕು. ದಿನಕ್ಕೆ ಸುಮಾರು 26 ಲೀಟರ್. ಯಂತ್ರದ ಪೆಟ್ಟಿಗೆಯ ಮೇಲೆ ಬರೆಯುವ ಲೆಕ್ಕದಲ್ಲಿ 7 ಗ್ಯಾಲನ್. ಅದೇ ಮನೆ ಸೋರುವಂಥದ್ದಾಗಿದ್ದು ಗಂಟೆಗೊಮ್ಮೆ ಗಾಳಿ ಬದಲಾದರೆ ಇದರ ಎರಡು ಪಟ್ಟು ಬೇಕು. ಸಂದಿ ಮುಚ್ಚಿ ಎಂದು ಮೊದಲೇ ಹೇಳಿದ್ದು ಅದಕ್ಕೇ. ಸ್ನಾನ, ಅಡುಗೆ, ಬಟ್ಟೆ ಒಣಗಿಸುವುದು, ನಮ್ಮ ಉಸಿರು ಇವೂ ಒಂದಷ್ಟು ನೀರು ಸೇರಿಸುತ್ತವೆ.

ಇನ್ನೊಂದು ಮಾತು ಗಮನದಲ್ಲಿರಲಿ. ಪ್ಯಾಡ್ ಇರುವ ಯಂತ್ರದ ಮೇಲೆ ದಿನಕ್ಕೆ 17 ಗ್ಯಾಲನ್ ಎಂದು ಬರೆದಿದ್ದರೆ, ಅದು ಫರ್ನೇಸ್ 24 ಗಂಟೆಯೂ ಓಡಿದರೆ ಸಿಗುವ ಲೆಕ್ಕ. ನಿಮ್ಮದು ಅರ್ಧ ಹೊತ್ತು ಮಾತ್ರ ಓಡಿದರೆ ಸಿಗುವುದೂ ಅರ್ಧವೇ. ಹೀಗೆ ನೋಡಿದರೆ ಮೇಲಿನ ಮನೆಗೆ 17 ಗ್ಯಾಲನ್ನಿನ ಬೈಪಾಸ್ ಸರಿಹೋಗುತ್ತದೆ. ಸ್ಟೀಮ್ ಯಂತ್ರಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ.

ತೇವಾಂಶ ಹೆಚ್ಚಿಸಿದರೆ ಗ್ಯಾಸ್ ಬಿಲ್ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. 26 ಲೀಟರಿಗೆ ದಿನಕ್ಕೆ ಹತ್ತಿರ ಹತ್ತಿರ 18 ಯೂನಿಟ್. ಅದನ್ನು ಕೊಡಬೇಕಾದ್ದು ನಿಮ್ಮ ಫರ್ನೇಸೇ. ಗಂಟಲಿಗೆ ಹಿತ, ಮರದ ನೆಲ ಬಿರುಕು ಬಿಡುವುದಿಲ್ಲ, ವೀಣೆ ಪಿಟೀಲು ಕೆಡುವುದಿಲ್ಲ. ಈ ಕಾರಣಗಳಿಗಾಗಿ ಹಾಕಿಸಿ, ಉಳಿತಾಯಕ್ಕೆಂದು ಬೇಡ.

ಕೂರಿಸುವುದು

ನಿಮ್ಮ ಊರಿನ ನಿಯಮ ಮೊದಲು ಕೇಳಿಕೊಳ್ಳಿ. ಕೆಲವು ಕಡೆ ನೀರಿನ ಕೆಲಸಕ್ಕೂ ವೈರಿಂಗಿಗೂ ಪರ್ಮಿಟ್ ಬೇಕು. ಆಮೇಲೆ ಫರ್ನೇಸಿನ ಕರೆಂಟನ್ನು ಮೇನ್ ಬ್ರೇಕರಿನಲ್ಲೇ ಆಫ್ ಮಾಡಿ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ.

ಜಾಗ ಗುರುತಿಸುವುದೇ ಇಲ್ಲಿ ದೊಡ್ಡ ಕೆಲಸ. ಏಸಿ ಕೂಡ ಇರುವ ಮನೆಯಲ್ಲಿ ಸಪ್ಲೈ ಡಕ್ಟಿನೊಳಗೆ, ಫರ್ನೇಸಿನ ತಲೆಯ ಮೇಲೇ, ಏಸಿಯ ಕಾಯಿಲ್, ಅಂದರೆ ಗಾಳಿಯನ್ನು ತಂಪು ಮಾಡುವ ಕೊಳವೆ ಸುರುಳಿ ಕೂತಿರುತ್ತದೆ. ಅಲ್ಲಿ ಡ್ರಿಲ್ ಹಾಕಿದರೆ ಕಾಯಿಲಿಗೆ ತೂತು ಬಿದ್ದು ಗ್ಯಾಸೆಲ್ಲ ಹೊರಗೆ. ಎರಡು ತಾಮ್ರದ ಕೊಳವೆಗಳು ಎಲ್ಲಿ ಒಳಗೆ ಹೋಗುತ್ತವೆ ಎಂದು ನೋಡಿ, ಕಾಯಿಲ್ ಎಲ್ಲಿ ಮುಗಿಯುತ್ತದೆ ಎಂದು ಖಚಿತ ಮಾಡಿಕೊಂಡೇ ಡ್ರಿಲ್ ಕೈಗೆತ್ತಿಕೊಳ್ಳಿ. ಸಾಧ್ಯವಾದರೆ ಯಂತ್ರವನ್ನು ರಿಟರ್ನ್ ಡಕ್ಟಿಗೇ ಕೂರಿಸಿ. ಸಪ್ಲೈ ಕಡೆ ಆಗ ದುಂಡು ತೂತೊಂದೇ ಸಾಕು.

ಪೆಟ್ಟಿಗೆಯೊಳಗೆ ಕಾಗದದ ಅಚ್ಚು ಬಂದಿರುತ್ತದೆ. ಅದನ್ನು ಡಕ್ಟಿಗೆ ಅಂಟಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಗುರುತು ಹಾಕಿ. ಯಂತ್ರ ಒಂದು ಕಡೆಗೆ ವಾಲಿದರೆ ನೀರು ಪ್ಯಾಡಿನ ಒಂದೇ ಬದಿಯಲ್ಲಿ ಇಳಿಯುತ್ತದೆ, ಉಳಿದರ್ಧ ಒಣಗೇ ಇರುತ್ತದೆ. ಗುರುತಿನ ಒಳಮೂಲೆಯಲ್ಲಿ ಡ್ರಿಲ್‌ನಿಂದ ತೂತು ಮಾಡಿ, ತಗಡು ಕತ್ತರಿ ತೂರಿಸಿ, ಗೆರೆಯ ಉದ್ದಕ್ಕೂ ನಿಧಾನವಾಗಿ ಕತ್ತರಿಸಿ. ತುಂಡು ಒಳಗೆ ಬೀಳದಂತೆ ಕೊನೆಯಲ್ಲಿ ಕೈಯಿಂದ ಹಿಡಿದುಕೊಳ್ಳಿ. ಚೌಕಟ್ಟನ್ನು ತಗಡಿನ ಸ್ಕ್ರೂ ಹಾಕಿ ಬಿಗಿಯಿರಿ.

ಎದುರು ಡಕ್ಟಿಗೆ ಬೈಪಾಸಿನ ದುಂಡು ತೂತು ಮಾಡಿ. ಸಾಮಾನ್ಯವಾಗಿ 6 ಇಂಚು, ನಿಮ್ಮ ಯಂತ್ರದ ಕೈಪಿಡಿ ನೋಡಿಕೊಳ್ಳಿ. ಕಾಲರ್ ಎನ್ನುವ ತಗಡಿನ ಬಳೆಯನ್ನು ಅದರಲ್ಲಿ ಕೂರಿಸಿ, ಅದರ ಹಲ್ಲುಗಳನ್ನು ಒಳಗಿನಿಂದ ಮಡಚಿ. ಕೊಳವೆ ಜೋಡಿಸಿ, ಪ್ರತಿ ಸಂದಿಗೂ ಅಲ್ಯುಮಿನಿಯಂ ಫಾಯಿಲ್ ಟೇಪ್ ಸುತ್ತಿ. ಬಟ್ಟೆಯ ಬೂದು ಟೇಪ್ ಶಾಖಕ್ಕೆ ಅಂಟು ಬಿಡುತ್ತದೆ, ಅದು ಬೇಡ.

ತೇವಾಂಶ ನೋಡಿ ಯಂತ್ರವನ್ನು ಓಡಿಸುವ, ನಿಲ್ಲಿಸುವ ಹ್ಯುಮಿಡಿಸ್ಟಾಟನ್ನು ರಿಟರ್ನ್ ಡಕ್ಟಿಗೆ ಹಾಕಿ. ಆದರೆ ಕೋಣೆಗಳಿಂದ ಬರುವ ಗಾಳಿ ಮೊದಲು ಅದನ್ನು ಮುಟ್ಟಿ, ನಂತರ ಹ್ಯುಮಿಡಿಫೈಯರ್ ಕಡೆ ಹೋಗಬೇಕು. ಹಿಂದುಮುಂದಾದರೆ ಯಂತ್ರದ ಒದ್ದೆ ಗಾಳಿಯೇ ಅದಕ್ಕೆ ತಾಗಿ, ಮನೆ ಒಣಗಿರುವಾಗಲೇ ಆಫ್ ಆಗುತ್ತದೆ.

ನೀರಿನ ಸಂಪರ್ಕದಲ್ಲಿ ದಯವಿಟ್ಟು ಅವಸರ ಬೇಡ. ಯಂತ್ರದ ಜೊತೆ ಎಷ್ಟೋ ಸಲ ಸ್ಯಾಡಲ್ ವಾಲ್ವ್ ಬಂದಿರುತ್ತದೆ. ಪೈಪಿಗೆ ಕ್ಲ್ಯಾಂಪ್ ಹಾಕಿ ತಿರುಗಿಸಿದರೆ ಸೂಜಿ ಚುಚ್ಚಿಕೊಂಡು ನೀರು ಬರುತ್ತದೆ, ಐದು ನಿಮಿಷದ ಕೆಲಸ. ನಾನೂ ಅದನ್ನೇ ಹಾಕಿದ್ದೆ. ಎರಡನೇ ಚಳಿಗಾಲದಲ್ಲಿ ಅದರ ರಬ್ಬರ್ ಸವೆದು ಹನಿಹನಿಯಾಗಿ ಸೋರಿತು. ಕೆಳಗಿದ್ದ ರಟ್ಟಿನ ಪೆಟ್ಟಿಗೆಗಳೆಲ್ಲ ತೊಯ್ದ ಮೇಲೇ ನನಗೆ ಗೊತ್ತಾಗಿದ್ದು. ಹಲವು ಕಡೆ ನಿಯಮವೂ ಇದನ್ನು ಒಪ್ಪುವುದಿಲ್ಲ. ಪೈಪ್ ಕತ್ತರಿಸಿ ಟೀ ಎನ್ನುವ ಮೂರು ಬಾಯಿಯ ಜಾಯಿಂಟ್ ಹಾಕಿಸಿ, ಅದಕ್ಕೊಂದು ಸರಿಯಾದ ಸ್ಟಾಪ್ ವಾಲ್ವ್ ಕೂರಿಸಿ. ಅಲ್ಲಿಂದ ಕಾಲಿಂಚಿನ ತಾಮ್ರದ ಕೊಳವೆ ಸಾಕು. ಬಿಸಿನೀರಿನ ಪೈಪಿನಿಂದ ತೆಗೆದುಕೊಂಡರೆ ನೀರು ಚೆನ್ನಾಗಿ ಆವಿಯಾಗುತ್ತದೆ. ಹೀಟ್ ಪಂಪ್ ಮನೆಯಲ್ಲಿ ಪ್ಯಾಡ್ ಬಗೆಯನ್ನೇ ಹಾಕುವುದಾದರೆ ಬಿಸಿನೀರೇ ಇರಲಿ.

ಪ್ಯಾಡಿನ ಮೇಲೆ ಸುರಿದ ನೀರಿನಲ್ಲಿ ದೊಡ್ಡ ಪಾಲು ಆವಿಯಾಗದೆ ಕೆಳಗೆ ಇಳಿಯುತ್ತದೆ. ಇದು ದೋಷವಲ್ಲ, ಸುಣ್ಣದಂಶವನ್ನು ತೊಳೆದುಕೊಂಡು ಹೋಗಲು ಆ ನೀರು ಬೇಕು. ಅದರ ಪೈಪ್ ಉದ್ದಕ್ಕೂ ಇಳಿಜಾರಾಗಿರಲಿ, ನಡುವೆ ಜೋತು ಬೀಳದಿರಲಿ. ನೆಲದ ಚರಂಡಿಯವರೆಗೆ ಒಯ್ಯಿರಿ. ಚರಂಡಿ ಇಲ್ಲದಿದ್ದರೆ ಈ ನೀರನ್ನು ಮೇಲೆತ್ತಿ ಹೊರಗೆ ಸಾಗಿಸುವ ಕಂಡೆನ್ಸೇಟ್ ಪಂಪ್ ಹಾಕಬೇಕು.

ಇನ್ನು ವೈರಿಂಗ್. ನೀರು ಬಿಡುವ ಸೊಲೆನಾಯ್ಡ್ ವಾಲ್ವ್ 24 ವೋಲ್ಟಿನದು. ಟ್ರಾನ್ಸ್‌ಫಾರ್ಮರಿನಿಂದ ಹ್ಯುಮಿಡಿಸ್ಟಾಟ್, ಅಲ್ಲಿಂದ ಸೊಲೆನಾಯ್ಡ್, ಮತ್ತೆ ಟ್ರಾನ್ಸ್‌ಫಾರ್ಮರ್. ಫರ್ನೇಸ್ ಬೋರ್ಡಿನಲ್ಲಿ ಹ್ಯುಮಿಡಿಫೈಯರಿಗೆಂದೇ ಒಂದು ಟರ್ಮಿನಲ್ ಇರಬಹುದು. ಕೆಲವು ಬೋರ್ಡಿನಲ್ಲಿ ಅದು 24 ವೋಲ್ಟ್, ಕೆಲವದರಲ್ಲಿ 120. ನೋಡಲು ಎರಡೂ ಒಂದೇ ಥರ. ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡದೆ ಜೋಡಿಸಿದರೆ ಸೊಲೆನಾಯ್ಡ್ ಸುಟ್ಟುಹೋಗುತ್ತದೆ. ಮೀಟರ್ ಹಿಡಿದು ಅಭ್ಯಾಸ ಇಲ್ಲವೆಂದರೆ ಇದೊಂದು ಕೆಲಸವನ್ನು ಬಲ್ಲವರಿಗೆ ಬಿಡಿ.

ಎಲ್ಲ ಆದ ಮೇಲೆ ಕರೆಂಟ್ ಹಾಕಿ, ಬೈಪಾಸ್ ಕೊಳವೆಯ ಗಾಳಿ ತಡೆಯುವ ಮುಚ್ಚಳವಾದ ಡ್ಯಾಂಪರ್ ತೆರೆದು, ಫರ್ನೇಸ್ ಓಡಿಸಿ. ಪ್ಯಾಡಿನ ಮೇಲೆ ನೀರು ಎರಡೂ ಬದಿಗೆ ಸಮನಾಗಿ ಇಳಿಯುತ್ತಿದೆಯಾ ನೋಡಿ. ನೀರಿನ ಪ್ರತಿ ಜಾಯಿಂಟಿನ ಕೆಳಗೂ ಒಣ ಕಾಗದದ ತುಂಡು ಇಡಿ. ಮಾರನೇ ದಿನ ಕಾಗದ ಒಣಗೇ ಇದ್ದರೆ ಕೆಲಸ ಸರಿಯಾಗಿದೆ.

ಎಷ್ಟಕ್ಕೆ ಸೆಟ್ ಮಾಡುವುದು?

ಒಳಗೆ 21 ಡಿಗ್ರಿ, ಶೇ 40 ತೇವಾಂಶ ಇದ್ದರೆ, 7 ಡಿಗ್ರಿಗಿಂತ ತಣ್ಣಗಿರುವ ಯಾವ ಗಾಜಿನ ಮೇಲೂ ನೀರು ಕೂರುತ್ತದೆ. ಶೇ 30ಕ್ಕೆ ಇಳಿಸಿದರೆ ಗಾಜು 3 ಡಿಗ್ರಿ ಆಸುಪಾಸಿಗೆ ಬರುವವರೆಗೆ ಒಣಗಿರುತ್ತದೆ. ಅಂದರೆ ಚಳಿ ಹೆಚ್ಚಾದಷ್ಟೂ ತೇವಾಂಶ ಇಳಿಸಬೇಕು. ಹೊರಗೆ ಸೊನ್ನೆಯ ಆಸುಪಾಸು ಇದ್ದಾಗ 40, ಮೈನಸ್ 7ಕ್ಕೆ 35, ಮೈನಸ್ 12ಕ್ಕೆ 30, ಮೈನಸ್ 18ಕ್ಕೆ 25, ಮೈನಸ್ 29ಕ್ಕೆ 15. ದಿನಾ ತಿರುಗಿಸಲು ಬೇಸರವಾದರೆ ಹೊರಗಿನ ಸೆನ್ಸರ್ ಇರುವ ಹ್ಯುಮಿಡಿಸ್ಟಾಟ್ ಕೊಳ್ಳಿ, ಅದು ತಾನೇ ಹೊಂದಿಸಿಕೊಳ್ಳುತ್ತದೆ. ಯಾವ ಅಂಕಿ ಏನೇ ಹೇಳಲಿ, ಬೆಳಿಗ್ಗೆ ಎದ್ದ ಕೂಡಲೇ ಮನೆಯ ಅತಿ ತಣ್ಣನೆಯ ಕಿಟಕಿಯ ಕೆಳಅಂಚಿನ ಮೇಲೆ ಬೆರಳು ಆಡಿಸಿ. ಒದ್ದೆಯಾಗಿದ್ದರೆ 5 ಇಳಿಸಿ.

ಚಳಿಗಾಲ ಮುಗಿದಾಗ ನೀರಿನ ವಾಲ್ವ್ ಬಂದ್ ಮಾಡಿ, ಡ್ಯಾಂಪರ್ ಮುಚ್ಚಿ. ಡ್ಯಾಂಪರ್ ತೆರೆದೇ ಇದ್ದರೆ ಏಸಿಯ ತಂಪು ಗಾಳಿ ಅಡ್ಡದಾರಿ ಹಿಡಿಯುತ್ತದೆ. ಪ್ಯಾಡಿನ ಕೆಳಗಿನ ತಟ್ಟೆಯಲ್ಲಿ ಕಟ್ಟಿದ ಬಿಳಿ ಸುಣ್ಣವನ್ನು ವಿನೆಗರಿನಲ್ಲಿ ನೆನೆಸಿ ಉಜ್ಜಿ. ಪ್ಯಾಡನ್ನು ತೊಳೆದು ಮತ್ತೆ ಹಾಕಬೇಡಿ, ಪ್ರತಿ ಚಳಿಗಾಲಕ್ಕೂ ಹೊಸದು ಹಾಕಿ. ಹಾಕಿದ ದಿನಾಂಕವನ್ನು ಮಾರ್ಕರ್ ಪೆನ್ನಿನಲ್ಲಿ ಯಂತ್ರದ ಮುಚ್ಚಳದ ಮೇಲೇ ಬರೆದಿಡಿ.