ಆರ್‌ವಿ ಪಾರ್ಕಲ್ಲಿ ವರ್ಷಗಟ್ಲೆ ಇರೋ ಪ್ಲಾನಾ? ಟ್ರೇಲರ್ ಆಮೇಲೆ, ಮೊದ್ಲು ಜಾಗ ಹಿಡೀರಿ

ಅಮೆರಿಕದ ಅರಿಜೋನಾದ ಫೀನಿಕ್ಸ್ ಕಡೆ ಕಾಂಟ್ರಾಕ್ಟ್ ಕೆಲ್ಸಕ್ಕೆ ಬರೋ ನಮ್ಮೋರಲ್ಲಿ ಕೆಲವರು ಅಪಾರ್ಟ್‌ಮೆಂಟ್ ಬಾಡಿಗೆ ಕೇಳಿ ತಲೆ ಮೇಲೆ ಕೈ ಇಟ್ಕೊಂಡು, ಒಂದು ದೊಡ್ಡ ಟ್ರೇಲರ್ (ಗಾಡಿಗೆ ಕಟ್ಟಿ ಎಳೆಯೋ ಮನೆ) ತಗೊಂಡು ಆರ್‌ವಿ ಪಾರ್ಕಲ್ಲಿ, ಅಂದ್ರೆ ಇಂಥ ಗಾಡಿ ನಿಲ್ಲಿಸಿ ವಾಸ ಮಾಡೋಕೆ ಜಾಗ ಬಾಡಿಗೆಗೆ ಕೊಡೋ ಕಡೆ, ಇದ್ಬಿಡೋಣ್ವಾ ಅಂತ ಕೇಳ್ತಾರೆ. ನಾನೂ ನಮ್ಮನೆಯವ್ರೂ ಹಾಗೇ ಇದೀವಿ, ಇದು ಐದನೇ ವರ್ಷ. ಪ್ರತಿ ಸಲ ಫೋನಲ್ಲಿ ಅದನ್ನೇ ಹೇಳೋದಕ್ಕಿಂತ ಒಂದ್ಸಲ ಬರೆದು ಹಾಕ್ಬಿಡೋಣ ಅನ್ನಿಸ್ತು.

ಎಲ್ರೂ ಮಾಡೋ ತಪ್ಪು ಒಂದೇ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು. ನಮ್ಮ ಪರಿಚಯದ ದಾವಣಗೆರೆ ಹುಡುಗ ಒಬ್ಬ ಒಳ್ಳೆ ರೇಟಿಗೆ ಸಿಕ್ತು ಅಂತ 41 ಅಡಿ ಟ್ರೇಲರ್ ತಗೊಂಡ, ಆಮೇಲೆ ಪಾರ್ಕ್ ಪಾರ್ಕ್ ಅಲೆದ್ರೆ ಒಂದು ಕಡೆ ಜಾಗದ ಉದ್ದ ಸಾಲ್ದು, ಇನ್ನೊಂದ್ಕಡೆ 10 ವರ್ಷಕ್ಕಿಂತ ಹಳೇ ಗಾಡಿ ಬೇಡ ಅಂದ್ರು, ಕೊನೆಗೆ ನಾಲ್ಕು ತಿಂಗಳು ಸ್ಟೋರೇಜಲ್ಲಿ ನಿಲ್ಲಿಸಿ ಅದಕ್ಕೂ ಬಾಡಿಗೆ, ಅಪಾರ್ಟ್‌ಮೆಂಟಿಗೂ ಬಾಡಿಗೆ. ಇನ್ನೊಂದು ವಿಷ್ಯ, ಮೆಸಾ, ಅಪಾಚೆ ಜಂಕ್ಷನ್ ಕಡೆ ಎಷ್ಟೋ ಪಾರ್ಕು 55 ದಾಟಿದವರಿಗೆ ಮಾತ್ರ. ಕಾನೂನೇ ಒಪ್ಪತ್ತೆ, ಜನ ಇರೋ ಮನೆಗಳಲ್ಲಿ ಕಡಿಮೆ ಅಂದ್ರೂ ನೂರಕ್ಕೆ 80ರಲ್ಲಿ 55 ತುಂಬಿದವರು ಒಬ್ರಾದ್ರೂ ಇರ್ಬೇಕು ಅನ್ನೋದು ಮುಖ್ಯ ಷರತ್ತು, ಹಾಗಾಗಿ ಮೂವತ್ತರ ಗಂಡ ಹೆಂಡ್ತಿ ಹೋಗಿ ಜಗಳ ಆಡಿ ಪ್ರಯೋಜನ ಇಲ್ಲ. ಚಳಿಗಾಲದಲ್ಲಿ ಕೆನಡಾ, ಮಿನ್ನೆಸೋಟಾ ಕಡೆಯಿಂದ ಅಜ್ಜ ಅಜ್ಜಿಯರು ಬಿಸಿಲು ಹುಡುಕ್ಕೊಂಡು ಬರ್ತಾರೆ, ಆವಾಗಂತೂ ಜಾಗ ಸಿಗೋದು ಕಷ್ಟ.

ಇನ್ನು ದೊಡ್ಡ ಟ್ರೇಲರಲ್ಲಿ ಎರಡು ಥರ. ಪಾರ್ಕ್ ಮಾಡೆಲ್ ಅಂದ್ರೆ ಚಕ್ರ ಇರೋ ಪುಟ್ಟ ಮನೆ, ಅಗಲ ಸಾಮಾನ್ಯವಾಗಿ 12 ಅಡಿವರೆಗೆ, ಒಳಗಿನ ಜಾಗ 400 ಚದರ ಅಡಿ ಮೀರೋ ಹಾಗಿಲ್ಲ (ತಗ್ಗು ಅಟ್ಟ ಬಿಟ್ಟು). ನಮ್ಮೂರ 20×30 ಸೈಟು 600 ಚದರ ಅಡಿ, ಅದರಲ್ಲಿ ಮೂರರಲ್ಲಿ ಎರಡು ಪಾಲು ಅಂದ್ಕೊಳ್ಳಿ. ಸಾಮಾನ್ಯವಾಗಿ ಟ್ಯಾಂಕ್ ಇರಲ್ಲ, ಕೊಳಾಯಿ, ಚರಂಡಿ ಎಲ್ಲಾ ನೇರ ಕನೆಕ್ಷನ್. ಜಾಗ ಬದಲಾಯಿಸ್ಬೇಕು ಅಂದ್ರೆ ಪರ್ಮಿಟ್ ತಗೊಂಡು ಟ್ರಾನ್ಸ್‌ಪೋರ್ಟ್‌ನವರು ಬಂದು ಎಳೀಬೇಕು. ಇನ್ನೊಂದು ಡೆಸ್ಟಿನೇಷನ್ ಟ್ರೇಲರ್, ಅಗಲ ಎಂಟೂವರೆ ಅಡಿ, ಉದ್ದ 40 ಅಡಿ ಹತ್ರ, ಮನೆ ಥರ ಫ್ರಿಜ್ಜು, ಜಾರೋ ಗಾಜಿನ ಬಾಗ್ಲು, ಒಳಗೆ ಜಾಗ ಹೆಚ್ಚಾಗೋ ಹಾಗೆ ಗೋಡೆ ಸಮೇತ ಪಕ್ಕಕ್ಕೆ ಹೊರಬರೋ ಸ್ಲೈಡ್‌ಗಳು. ತೂಕ 10 ಸಾವಿರ ಪೌಂಡ್ ದಾಟೋದು ಮಾಮೂಲು, ಆದ್ರೂ ದೊಡ್ಡ ಪಿಕಪ್ ಇರೋರು ಎಳೀಬಹುದು. ನನ್ನ ಮಟ್ಟಿಗೆ, ವೀಸಾ, ಕಾಂಟ್ರಾಕ್ಟ್ ಅಂತ ಎರಡು ವರ್ಷಕ್ಕೊಮ್ಮೆ ಊರು ಬದಲಾಗೋರಿಗೆ ಪಾರ್ಕ್ ಮಾಡೆಲ್ ಬೇಡ. ಪಿಕಪ್ ಮಾತ್ರ ತಗೊಳ್ಳಕ್ಕೆ ಹೋಗ್ಬೇಡಿ, ಎರಡು ವರ್ಷಕ್ಕೆ ಒಂದ್ಸಲ ಎಳೆಯೋಕೆ ಬಾಡಿಗೆಗೆ ಜನ ಸಿಗ್ತಾರೆ.

ಆ ಗಾಜಿನ ಬಾಗ್ಲು ಬಗ್ಗೆ ಯಾರೂ ಹೇಳಲ್ಲ ನೋಡಿ. ಪಾರ್ಕಲ್ಲಿ ನೀರು, ಕರೆಂಟು, ಚರಂಡಿ ಸಾಮಾನ್ಯವಾಗಿ ಟ್ರೇಲರಿನ ಎಡಗಡೆಗೆ ಬರೋ ಹಾಗೆ ಇರತ್ತೆ, ಬಾಗ್ಲು ಬಲಗಡೆ, ಅಂದ್ರೆ ನಿಮ್ಮ ಬಾಗ್ಲು ಯಾವ ದಿಕ್ಕಿಗೆ ಅಂತ ತೀರ್ಮಾನ ಮಾಡೋದು ಜಾಗ, ನೀವಲ್ಲ. ಟ್ರೇಲರಿನ ಮುಂಭಾಗ (ಗಾಡಿಗೆ ಕಟ್ಟೋ ಕಡೆ) ದಕ್ಷಿಣಕ್ಕೆ ಬಂದ್ರೆ ಗಾಜು ಸೀದಾ ಪಶ್ಚಿಮಕ್ಕೆ, ಸಂಜೆ ಐದು ಗಂಟೆಗೆ ಒಳಗೆ ಹಪ್ಪಳ ಒಣಗಿಸಬಹುದು. ಬೇಕಾದ್ರೆ ಇದನ್ನ ವಾಸ್ತು ಅಂತ ಕರೀರಿ, ನಾನಂತೂ ಎಸಿ ಬಿಲ್ ನೋಡಿ ದಿಕ್ಕು ಕಲ್ತೆ. 2023ರಲ್ಲಿ ಇಲ್ಲಿ ಸತತ 31 ದಿನ 110 ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಮುಟ್ಟಿತ್ತು.

ಅದಕ್ಕೇ 50 ಆಂಪ್ ಕನೆಕ್ಷನ್ ಇರೋ ಜಾಗ, 50 ಆಂಪ್ ಟ್ರೇಲರ್, ಎರಡೂ ಬೇಕು. 30 ಆಂಪ್‌ದು 3600 ವ್ಯಾಟ್ ಅಷ್ಟೇ, 50 ಆಂಪ್‌ದರಲ್ಲಿ 120 ವೋಲ್ಟಿನ ಎರಡು ಲೈನ್ ಬರೋದ್ರಿಂದ 12000. ಎರಡು ಎಸಿ ಓಡ್ತಿರೋವಾಗ 1800 ವ್ಯಾಟಿನ ಇಂಡಕ್ಷನ್ ಹಾಕಿದ್ರೆ 30ರದ್ದು ಟಪ್ ಅಂತ ಹೋಗತ್ತೆ. ತಿಂಗಳ ಬಾಡಿಗೆಗೆ ಇದ್ರೆ ಬಹಳಷ್ಟು ಕಡೆ ಕರೆಂಟ್ ಮೀಟರ್ ಬೇರೆ, ಕೇಳ್ಕೊಳ್ಳಿ.

ಅಡುಗೆ ಮನೇಲಿ ಒಲೆ ಮೇಲಿನ ಚಿಮ್ನಿ ಗಾಳೀನ ನಿಜವಾಗ್ಲೂ ಹೊರಗೆ ಬಿಡತ್ತಾ ಅಂತ ಹೊರಗೆ ನಿಂತು ಕೈ ಇಟ್ಟು ನೋಡಿ. ಕೆಲವು ಸುಮ್ನೆ ಒಳಗೇ ಸುತ್ತಿಸ್ತವೆ, ಒಣ ಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಜೊತೆಗೆ ಪಕ್ಕದ ಟ್ರೇಲರಿನ ಅಜ್ಜನೂ ಎದ್ದು ಬರ್ತಾರೆ.

ಡೆಸ್ಟಿನೇಷನ್ ಟ್ರೇಲರ್ ತಗೊಂಡ್ರೆ ಶೌಚದ ಟ್ಯಾಂಕಿನ ವಾಲ್ವ್ ಯಾವತ್ತೂ ತೆರೆದು ಬಿಡ್ಬೇಡಿ. ಚರಂಡಿ ಹೇಗೂ ಕನೆಕ್ಟ್ ಆಗಿದ್ಯಲ್ಲ ಅಂತ ನಾನು ಮೊದಲ ಎರಡು ತಿಂಗಳು ತೆರೆದೇ ಇಟ್ಟಿದ್ದೆ, ನೀರೆಲ್ಲಾ ಹರಿದು ಹೋಗಿ ಗಟ್ಟಿದು ಒಳಗೇ ಗುಡ್ಡೆ ಬಿತ್ತು, ಅದನ್ನ ತೆಗೆಸಿದ ಕಥೆ ಊಟದ ಹೊತ್ತಲ್ಲಿ ಬೇಡ. ಮುಚ್ಚಿಡಿ, ಟ್ಯಾಂಕ್ ತುಂಬ್ತಾ ಬಂದಾಗ ಒಂದೇ ಸಲ ಬಿಡಿ, ನೀರು ಧಾರಾಳವಾಗಿ ಹಾಕಿ.

ಕಾಗದಪತ್ರ: ಎಷ್ಟೋ ಕಂಪನಿಗಳ ವಾರಂಟಿ ಪೂರ್ತಿ ವಾಸಕ್ಕೆ ಅನ್ವಯ ಆಗಲ್ಲ, ಸಹಿ ಹಾಕೋ ಮುಂಚೆ ಓದಿ. ಇನ್ಶೂರೆನ್ಸಲ್ಲಿ ಫುಲ್‌ಟೈಮರ್ (ಟ್ರೇಲರಲ್ಲೇ ಪೂರ್ತಿ ವಾಸ ಇರೋರ) ಪಾಲಿಸಿ ಅಂತಲೇ ಕೇಳಿ. ವೀಸಾದಲ್ಲಿರೋರು ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಅನ್ನೋ ವಿಳಾಸ ಬದಲಾವಣೆ ಫಾರ್ಮ್ ತುಂಬ್ಬೇಕು, ಲಾಟ್ ನಂಬರ್ (ಪಾರ್ಕಲ್ಲಿ ನಿಮ್ಮ ಜಾಗದ ನಂಬರ್) ಸಮೇತ. ಎಚ್-1ಬಿ ಕೆಲಸದ ವೀಸಾ ಇದ್ದು ಟ್ರೇಲರಿಂದಲೇ ಕೆಲ್ಸ ಮಾಡೋರು ಬೇರೆ ಊರಿಗೆ ಹೋಗೋ ಮುಂಚೆ ಕಂಪನಿ ವಕೀಲರಿಗೆ ಹೇಳಿ, ಕೆಲ್ಸದ ಜಾಗ ಬೇರೆ ಮಹಾನಗರ (ಮೆಟ್ರೋ) ಪ್ರದೇಶಕ್ಕೆ ಹೋದ್ರೆ ಎಚ್-1ಬಿ ಅರ್ಜಿ ತಿದ್ದುಪಡಿ ಆಗ್ಬೇಕು. ಚಕ್ರ ಇರೋ ಮನೆ ಅಂತ ಬೇಕಾದ್ಕಡೆ ಹೋಗಕ್ಕಾಗಲ್ಲ.

ನೋಡಕ್ಕೆ ಹೋಗೋದು ಮಾತ್ರ ಜನವರೀಲಲ್ಲ, ಆವಾಗ ಎಲ್ಲಾ ಟ್ರೇಲರೂ ಚೆನ್ನಾಗೇ ಕಾಣತ್ತೆ. ಜುಲೈ ಮಧ್ಯಾಹ್ನ ಮೂರಕ್ಕೆ ಹೋಗಿ, ಎಸಿ ಹಾಕ್ಸಿ, ಬೆಡ್‌ರೂಮ್ ಬಾಗ್ಲು ಹಾಕ್ಕೊಂಡು ಅರ್ಧ ಗಂಟೆ ಕೂತ್ಕೊಳ್ಳಿ. ಡೀಲರ್ ಏನಾದ್ರೂ ಅಂದ್ಕೊಳ್ಲಿ.