ಸುಟ್ಟ ಪೈನ್ ಕಾಡು ಬೀಜದಿಂದ ಮತ್ತೆ ಏಳುವುದು ಹೇಗೆ?

ಪೈನ್ ಕಾಡು ಸುಟ್ಟಿತೆಂದರೆ ಸಸಿ ನೆಡಲು ಅವಸರ ಬೇಡ. ಮೊದಲು ತಲೆಯೆತ್ತಿ ಕರಕಲಾದ ಕೊಂಬೆಗಳನ್ನು ನೋಡಿ. ಬಿತ್ತನೆ ಅಲ್ಲಿಂದಲೇ ಶುರುವಾಗಿರಬಹುದು.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವೇ ಇದಕ್ಕೆ ಸಾಕ್ಷಿ. 1988ರ ಬೇಸಿಗೆಯಲ್ಲಿ ಅದರ ಶೇ 36ರಷ್ಟು ಪ್ರದೇಶಕ್ಕೆ ಕಾಡ್ಗಿಚ್ಚು ತಗುಲಿತು. ಸೆಪ್ಟೆಂಬರ್ 11ರಂದು ಹಿಮ ಬಿದ್ದ ಮೇಲೆಯೇ ಅದರ ಆರ್ಭಟ ತಗ್ಗಿದ್ದು. ಕಾಡು ಮುಗಿದೇ ಹೋಯಿತೆಂದು ಜನ ಮರುಗಿದರು. ಈಗ ಅಲ್ಲಿ ಬಹುತೇಕ ಕಡೆ ಎಳೆಯ ಲಾಡ್ಜ್‌ಪೋಲ್ ಪೈನ್ ಮರಗಳು ಒತ್ತೊತ್ತಾಗಿ ನಿಂತಿವೆ.

ಹಂತ 1: ಕೂಡಿಟ್ಟ ಬೀಜ

ಲಾಡ್ಜ್‌ಪೋಲ್‌ನ ಕೆಲವು ಮರಗಳ ಕಾಯಿ ಬಲಿತರೂ ಬಿರಿಯುವುದಿಲ್ಲ. ಅರಗಿನ ಮುದ್ರೆ ಒತ್ತಿದಂತೆ ರಾಳ ಅದರ ಗಟ್ಟಿ ಎಸಳುಗಳನ್ನು ಬಿಗಿದಿರುತ್ತದೆ. ವರ್ಷವರ್ಷದ ಕಾಯಿಗಳು ಕೊಂಬೆಯಲ್ಲೇ ಉಳಿದು, ಒಳಗಿನ ಬೀಜ ದಶಕಗಳವರೆಗೂ ಜೀವ ಹಿಡಿದಿರಬಲ್ಲದು. ಪಕ್ಕದ ಮರದ ಕಾಯಿ ಮಾತ್ರ ಪ್ರತಿವರ್ಷ ತಾನೇ ಬಿರಿಯಬಹುದು. ಒಂದೇ ಜಾತಿಯಲ್ಲಿ ಎರಡೂ ಗುಣಗಳುಂಟು.

ಹಂತ 2: ಬೆಂಕಿ

ತೊಗಟೆ ತೆಳು, ಹಾಗಾಗಿ ಮರ ಸಾಯುತ್ತದೆ. ಆದರೆ 45ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ರಾಳ ಕರಗಿ ಕಾಯಿ ಸಡಿಲಾಗುತ್ತದೆ. ನೆತ್ತಿಯ ಜ್ವಾಲೆ ಬೇಗ ದಾಟಿಹೋಗುವುದರಿಂದ, ದಪ್ಪ ಎಸಳುಗಳ ಮರೆಯಲ್ಲಿರುವ ಬೀಜ ಬದುಕುಳಿಯುತ್ತದೆ. ಉರಿ ಹೆಚ್ಚು ಹೊತ್ತು ನಿಂತರೆ ಬೀಜವೂ ಹೋಯಿತು.

ಹಂತ 3: ಬಿತ್ತನೆ, ಮೊಳಕೆ

ರೆಕ್ಕೆಯುಳ್ಳ ಹಗುರ ಬೀಜ ಗಾಳಿಗೆ ಉದುರುತ್ತದೆ. ಹೆಚ್ಚಿನವು ತಾಯಿಮರದಿಂದ ಹತ್ತಾರು ಮೀಟರ್‌ಗಿಂತ ಆಚೆ ಹೋಗುವುದಿಲ್ಲ. ತರಗು ಸುಟ್ಟು ಮಣ್ಣು ಬಯಲಾಗಿರುತ್ತದೆ, ಮೇಲೆ ನೆರಳಿಲ್ಲ. ನೆರಳು ತಾಳದ ಈ ಜಾತಿಗೆ ಬೇಕಾದ್ದೂ ಅದೇ. ಹಿಮ ಕರಗಿದ ತೇವದಲ್ಲಿ ಮೊಳಕೆ ಏಳುತ್ತದೆ. ಮೊದಲ ಬೇಸಿಗೆಗಳಲ್ಲಿ ಮೇಲ್ಮಣ್ಣು ಒಣಗಿದರೆ ಸಾಲುಸಾಲಾಗಿ ಬಾಡುತ್ತವೆ. ಮಳೆ ಹದವಾಗಿ ಬಂದ ವರ್ಷವೆಂದರೆ ಕಾಡಿನ ಭಾಗ್ಯ.

ಎಷ್ಟು ಸಸಿ ಎನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಮೋನಿಕಾ ಟರ್ನರ್ ಮತ್ತು ಸಂಗಡಿಗರು ಈ ಕಾಡನ್ನು ದಶಕಗಳ ಕಾಲ ಅಳೆದಿದ್ದಾರೆ. ಒಂದು ಹೆಕ್ಟೇರಿಗೆ ಕೆಲವೆಡೆ ಒಂದೂ ಇಲ್ಲ, ಕೆಲವೆಡೆ ಐದು ಲಕ್ಷಕ್ಕೂ ಮಿಗಿಲು! ಮುಚ್ಚಿದ ಕಾಯಿಯ ಮರಗಳು ಮೊದಲು ಎಷ್ಟಿದ್ದವು ಎಂಬುದೇ ಈ ಅಂತರಕ್ಕೆ ದೊಡ್ಡ ಕಾರಣ.

ನನ್ನನ್ನು ಕಾಡುವ ಚಿಂತೆ ಬೇರೆಯದು. ಎಳೆ ಮರದ ಕಾಯಿಗಳು ಸಾಮಾನ್ಯವಾಗಿ ಮುಚ್ಚಿರುವುದಿಲ್ಲ, ಬೀಜದ ದಾಸ್ತಾನು ಕೂಡಲು ದಶಕಗಳು ಬೇಕು. ಹಿಂದೆ ಇಲ್ಲಿ ದೊಡ್ಡ ಬೆಂಕಿಗಳ ನಡುವೆ ನೂರು ವರ್ಷಕ್ಕೂ ಹೆಚ್ಚು ಬಿಡುವಿರುತ್ತಿತ್ತು. 2016ರಲ್ಲಿ, ಬರೀ 28 ವರ್ಷದ ಕಾಡಿಗೂ ಕೆಲವೆಡೆ ಬೆಂಕಿ ಬಿತ್ತು. ಅಲ್ಲಿ ಎದ್ದ ಸಸಿಗಳು ತೀರಾ ಕಡಿಮೆ. ಹವಾಮಾನ ಬಿಸಿಯಾದಂತೆ ಈ ಬಿಡುವು ಇನ್ನೂ ಕಿರಿದಾಗಬಹುದು.

ಎಲ್ಲ ಪೈನ್‌ಗಳಿಗೂ ಈ ಲೆಕ್ಕ ಹೊಂದುವುದಿಲ್ಲ. ಪಾಂಡೆರೋಸಾ ಪೈನ್ ಬೀಜವನ್ನು ಹೀಗೆ ಮುಚ್ಚಿಡುವುದಿಲ್ಲ. ಅದರ ಕಾಡು ಸುಟ್ಟಾಗ ಹತ್ತಿರದಲ್ಲಿ ಹಸಿರು ಮರ ಉಳಿದಿದೆಯೇ ಎಂದು ಹುಡುಕಬೇಕು. ಬೀಜ ತಲುಪುವಷ್ಟು ದೂರದಲ್ಲಿ ಒಂದೂ ಇಲ್ಲದಿದ್ದರೆ, ಸಸಿ ನೆಡುವ ಶ್ರಮ ಅಲ್ಲಿಗೆ ಸಲ್ಲಬೇಕು.