ಇವರು ಬರದಿದ್ದರೆ ಯಾವ ಕೆಲಸ ನಿಲ್ಲುತ್ತೆ?

ಹೈಸ್ಕೂಲ್ ಮಕ್ಕಳನ್ನು ಮೊದಲ ಸಲ ಸಮಾಜಸೇವೆಯ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಾಗ ಒಟ್ಟು 42 ಮಕ್ಕಳಿದ್ದರು. ಅದೊಂದು ಆರೋಗ್ಯ ತಪಾಸಣೆ ಶಿಬಿರ. ಎಷ್ಟು ಜನ ಬೇಕು ಅಂತ ನಾನು ಫೋನಿನಲ್ಲಿ ಕೇಳಿದ್ದೆ. "ಎಷ್ಟು ಜನ ಬಂದ್ರೂ ಒಳ್ಳೇದೇ ಮೇಡಂ" ಅಂದರು. ಆ ಮಾತಿಗೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹೋದ ಕೂಡಲೇ ಎಲ್ಲರಿಗೂ ಒಂದೊಂದು ಟೋಪಿ, ಕೊರಳಿಗೊಂದು ಬ್ಯಾಡ್ಜ್ ಸಿಕ್ಕಿತು. ನಾಲ್ಕು ಹುಡುಗರು ಕುರ್ಚಿ ಹೊತ್ತರು. ಇಬ್ಬರು ಹುಡುಗಿಯರು ಸ್ವಲ್ಪ ಹೊತ್ತು ಟೋಕನ್ ಹಂಚಿದರು. ಆಮೇಲೆ ಯಾರೋ ದೊಡ್ಡವರು ಬಂದು "ಕೊಡಮ್ಮಾ, ನಾನು ನೋಡ್ಕೋತೀನಿ" ಅಂತ ಅದನ್ನೂ ಇಸ್ಕೊಂಡರು. ಉಳಿದವರು ಸುಮ್ನೆ ನಿಂತಿದ್ದರು. ಗೋಡೆಗೆ ಒರಗಿದರು, ಮೊಬೈಲ್ ನೋಡಿದರು, ಭಾಷಣಕ್ಕೆ ಚಪ್ಪಾಳೆ ತಟ್ಟಿದರು. ಕೊನೆಗೆ ಬ್ಯಾನರ್ ಹಿಡಿಸಿ ಫೋಟೋ ತೆಗೆದರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ಕೇಳಿದ, "ಮಿಸ್, ನಾವು ಯಾಕೆ ಬಂದಿದ್ವಿ?"

ತರಲೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಲೂ ಗೊತ್ತಾಗಿರಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಅಲ್ಲಿಂದಾಚೆ ಯಾರೇ ಕರೆದರೂ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡೆ. ನಮ್ಮ ಮಕ್ಕಳು ಬರದಿದ್ದರೆ ನಿಮ್ಮಲ್ಲಿ ಯಾವ ಕೆಲಸ ನಿಲ್ಲುತ್ತೆ? ಸುಮಾರು ಜನ ಈ ಪ್ರಶ್ನೆಗೆ ತಡವರಿಸುತ್ತಾರೆ. ಒಬ್ಬರಂತೂ "ಮಕ್ಕಳಿದ್ರೆ ಕಾರ್ಯಕ್ರಮಕ್ಕೆ ಒಂದು ಕಳೆ ಇರುತ್ತೆ ಮೇಡಂ" ಅಂದುಬಿಟ್ಟರು. ಅಲ್ಲಿಗೆ ನಾವು ಹೋಗಲಿಲ್ಲ. ಕಳೆಗೆ ಹೂವಿನ ಕುಂಡ ಇಟ್ಟರೆ ಸಾಕಲ್ವಾ.

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಮೊದಲಿಗರು ರಕ್ತದಾನ ಶಿಬಿರದ ಒಬ್ಬ ಹಿರಿಯ ನರ್ಸ್. "ರಕ್ತ ತಗೊಳ್ಳೋಕೆ ನಾವಿದ್ದೀವಿ. ಕೊಟ್ಟು ಎದ್ದವರ ಮೇಲೆ ಕಣ್ಣಿಡೋಕೆ ಯಾರೂ ಇಲ್ಲ. ಹತ್ತು ಮಕ್ಕಳನ್ನ ಕೊಡಿ, ಸಾಕು."

ತರಗತಿಯಲ್ಲಿ ಹೇಳಿದಾಗ ಮಕ್ಕಳಿಗೆ ಉತ್ಸಾಹವೇನೂ ಬರಲಿಲ್ಲ. ರಕ್ತ ಕೊಡಲು ಹೆಚ್ಚಿನ ಕಡೆ 18 ತುಂಬಿರಬೇಕು. ಕೆಲವು ದೇಶಗಳಲ್ಲಿ ಮಾತ್ರ 16, 17ಕ್ಕೆ ಅವಕಾಶ ಇದೆ. "ಕೊಡೋಕೇ ಆಗಲ್ಲ ಅಂದ್ಮೇಲೆ ನಾವು ಅಲ್ಲಿ ಏನ್ ಮಾಡೋದು ಮಿಸ್?" ಅಂದರು. ಆಗ ಆ ನರ್ಸ್ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಸೂಜಿ ಚುಚ್ಚಿ 350ರಿಂದ 450 ಮಿಲಿಲೀಟರ್ ರಕ್ತ ತುಂಬಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಪಕ್ಕದಲ್ಲಿ ಕೆಲಸ ಗೊತ್ತಿರುವವರು ಇರುತ್ತಾರೆ. ಯೋಚನೆ ಇರುವುದು ಆಮೇಲಿನ ಹತ್ತು ಹದಿನೈದು ನಿಮಿಷದ್ದು. ಕೆಲವರಿಗೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಇಳಿದು ತಲೆ ಸುತ್ತುತ್ತದೆ. ಮೊದಲ ಸಲ ಕೊಡುವವರಿಗೆ, ಚಿಕ್ಕ ವಯಸ್ಸಿನವರಿಗೆ ಇದು ಸ್ವಲ್ಪ ಜಾಸ್ತಿ. ಜ್ಯೂಸ್ ಕುಡಿಯುವ ಕುರ್ಚಿಯಲ್ಲಿ ಬಿದ್ದರೆ ಹೇಗೋ ಹಿಡಿದುಕೊಳ್ಳಬಹುದು. ಮೆಟ್ಟಿಲ ಮೇಲೆ ಬಿದ್ದರೆ ತಲೆಗೇ ಪೆಟ್ಟು.

ಎರಡು ದಿನ ಮಧ್ಯಾಹ್ನ ತರಗತಿಯಲ್ಲೇ ತಾಲೀಮು ಮಾಡಿದೆವು. ತಲೆ ಸುತ್ತುವ ಮುಂಚೆ ಮನುಷ್ಯ ಹೇಗೆ ಕಾಣುತ್ತಾನೆ? ಮುಖ ಬಿಳಿಚಿಕೊಳ್ಳುತ್ತದೆ. ಹಣೆಯ ಮೇಲೆ ಬೆವರು ಮೂಡುತ್ತದೆ. ಆಕಳಿಸುತ್ತಾನೆ. ಅಲ್ಲಿಯವರೆಗೆ ವಟವಟ ಅನ್ನುತ್ತಿದ್ದವನು ಸುಮ್ಮನಾಗುತ್ತಾನೆ. ಆಗ ಎಬ್ಬಿಸಿ ನಡೆಸಬಾರದು. ಇದ್ದಲ್ಲೇ ಮಲಗಿಸಿ, ಕಾಲನ್ನು ಎತ್ತರದಲ್ಲಿಟ್ಟು, ನರ್ಸನ್ನು ಜೋರಾಗಿ ಕೂಗಬೇಕು. ಮಕ್ಕಳು ಒಬ್ಬೊಬ್ಬರಾಗಿ ತಲೆ ಸುತ್ತಿದಂತೆ ನಟಿಸಿದರು. ಈ ತಾಲೀಮಿಗಂತೂ ಯಾರನ್ನೂ ಒತ್ತಾಯ ಮಾಡಬೇಕಾಗಲಿಲ್ಲ. ಕೆಲವರಂತೂ ಎಂಟು ಹತ್ತು ಸಲ ಬಿದ್ದರು.

ಶಿಬಿರದ ದಿನ ಒಬ್ಬೊಬ್ಬರಿಗೆ ಎರಡೆರಡು ಕುರ್ಚಿ ವಹಿಸಿದೆ. ಕುರ್ಚಿಗೆ ಯಾರು ಬಂದು ಕೂತರೂ ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು, ಹದಿನೈದು ನಿಮಿಷ ಬಿಡಬಾರದು. ಕೊನೆಯ ಎರಡು ಕುರ್ಚಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು. ತರಗತಿಯಲ್ಲಿ ಹಾಜರಿ ಕೂಗಿದರೆ ಅವಳ "ಎಸ್ ಮಿಸ್" ನನಗೆ ಕೇಳಿಸುವುದೇ ಇಲ್ಲ, ತುಟಿ ಅಲ್ಲಾಡಿದ್ದು ನೋಡಿ ಗುರುತು ಹಾಕಿಕೊಳ್ಳಬೇಕು. ಅವಳ ಕುರ್ಚಿಗೆ ಬಂದವರು ಆರಡಿ ಎತ್ತರದ, ಗಟ್ಟಿಮುಟ್ಟಾದ ಮನುಷ್ಯ. ನಗುನಗುತ್ತಾ ಬಂದರು, ಜ್ಯೂಸ್ ಒಂದೇ ಗುಟುಕಿಗೆ ಕುಡಿದರು, ನಾಲ್ಕನೇ ನಿಮಿಷಕ್ಕೆ ಎದ್ದರು.

ಅವಳು ಅವರ ಮುಂದೆ ಹೋಗಿ ನಿಂತಳು. "ಸರ್, ಇನ್ನೂ ಹನ್ನೊಂದು ನಿಮಿಷ ಇದೆ."

"ನಂಗೇನಾಗುತ್ತಮ್ಮಾ" ಅಂತ ಅವರು ನಕ್ಕರು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಬರೆದುಕೊಂಡಿದ್ದ ಚೀಟಿ ತೋರಿಸಿದಳು. ಪಾಪ, ಮಗು ಹೇಳ್ತಿದೆ ಅಂತ ಅವರು ಕೂತರು. ನಾನು ಬೇರೆ ಕಡೆ ತಿರುಗಿದ್ದೆ. ಸ್ವಲ್ಪ ಹೊತ್ತಿಗೆ "ಸಿಸ್ಟರ್!" ಅಂತ ಇಡೀ ಹಾಲ್ ತಿರುಗಿ ನೋಡುವಂಥ ಕೂಗು ಕೇಳಿತು. ಯಾರ ದನಿ ಅಂತ ನನಗೆ ಗೊತ್ತೇ ಆಗಲಿಲ್ಲ. ನೋಡಿದರೆ ಆ ಮನುಷ್ಯ ನೆಲದ ಮೇಲೆ ಮಲಗಿದ್ದಾರೆ, ಕಾಲು ಕುರ್ಚಿಯ ಮೇಲಿದೆ, ಮುಖ ಸುಣ್ಣದ ಹಾಗೆ. "ಎರಡು ಸಲ ಆಕಳಿಸಿದ್ರು ಮಿಸ್, ಅದಕ್ಕೇ ಮಲ್ಕೊಳ್ಳಿ ಅಂದೆ" ಅಂದಳು. ಎರಡು ಮೂರು ನಿಮಿಷದಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ಎದ್ದು ಕೂತಮೇಲೆ ಅವಳ ಚೀಟಿ ಇಸ್ಕೊಂಡು ಇನ್ನೆಷ್ಟು ನಿಮಿಷ ಇದೆ ಅಂತ ಅವರೇ ನೋಡಿದರು.

ಸೋಮವಾರ ಹಾಜರಿ ಕೂಗಿದೆ. ಅವಳ "ಎಸ್ ಮಿಸ್" ಎಂದಿನ ಹಾಗೆ ಅವತ್ತೂ ಕೇಳಿಸಲಿಲ್ಲ.

ಅದೇ ಶಿಬಿರದಲ್ಲಿ ಒಂದು ಎಡವಟ್ಟೂ ಆಯಿತು, ಅದು ಪೂರ್ತಿ ನನ್ನದು. ನೋಂದಣಿ ಮೇಜಿನ ಹತ್ತಿರ ಒಬ್ಬ ಹುಡುಗನನ್ನು ಕೂರಿಸಿದ್ದೆ. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಒಬ್ಬರನ್ನು ವಾಪಸ್ ಕಳಿಸಿದರು. ಇವನು ಪಕ್ಕದವನಿಗೆ "ಅವರನ್ನ ರಿಜೆಕ್ಟ್ ಮಾಡಿದ್ರು ಕಣೋ" ಅಂದ. ಮೆಲ್ಲಗೇ ಅಂದ, ಆದರೆ ಅವರಿಗೆ ಕೇಳಿಸಿತು. ಹೋಗುವಾಗ ಆ ಮನುಷ್ಯ ಯಾರ ಮುಖವನ್ನೂ ನೋಡಲಿಲ್ಲ. ತಲೆಸುತ್ತಿಗೆ ಎರಡು ದಿನ ತಾಲೀಮು ಕೊಟ್ಟವಳು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಈಗ ಅದನ್ನೇ ಮೊದಲು ಹೇಳುತ್ತೇನೆ. ಫಾರಂನಲ್ಲಿ ಏನಿದೆಯೋ ಅದು ಫಾರಂನಲ್ಲೇ ಇರಬೇಕು. "ಇವತ್ತು ಬೇಡ" ಅನ್ನುವ ಮಾತು ಡಾಕ್ಟರ್ ಅಥವಾ ನರ್ಸ್ ಬಾಯಿಂದ ಮಾತ್ರ ಬರಬೇಕು. ಸಹಾಯ ಪಡೆಯಲು ಬಂದವರ ಫೋಟೋ ತೆಗೆಯುವುದಕ್ಕೂ ಅಂದಿನಿಂದ ನಿಷೇಧ.

ಇನ್ನು ಸ್ವಚ್ಛತಾ ಅಭಿಯಾನ. ಶಾಲೆಗಳಿಗೆ ಸುಲಭವಾಗಿ ಸಿಗುವುದು ಇದೇ, ಕೆಡುವುದೂ ಇದೇ ಜಾಸ್ತಿ. ನಾವು ಒಂದು ವರ್ಷ ಸ್ಪರ್ಧೆ ಇಟ್ಟೆವು. ಯಾವ ತಂಡದ ಚೀಲ ಹೆಚ್ಚು ತೂಗುತ್ತದೋ ಅವರಿಗೆ ಬಹುಮಾನ. ಗೆದ್ದ ತಂಡದ ಚೀಲ ಸುರಿದು ನೋಡಿದರೆ ಒದ್ದೆ ಎಲೆ, ಅರ್ಧ ಇಟ್ಟಿಗೆ, ಮತ್ತೆ ಕಲ್ಲು! ಪ್ಲಾಸ್ಟಿಕ್ ಎಲ್ಲಾ ಅಲ್ಲೇ ಬಿದ್ದಿತ್ತು. ಹಗುರ ನೋಡಿ, ಅದನ್ನ ಯಾರು ಎತ್ತುತ್ತಾರೆ. ಮಕ್ಕಳನ್ನು ಬೈಯುವ ಹಾಗಿರಲಿಲ್ಲ. ತೂಕ ಕೇಳಿದವಳು ನಾನು, ಅವರು ತೂಕವನ್ನೇ ತಂದರು.

ಮರುವರ್ಷ ತೂಕ ಬಿಟ್ಟು ಎಣಿಕೆಗೆ ಬಂದೆವು. ಇದು ನನ್ನ ಐಡಿಯಾ ಏನಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತೆಯಲ್ಲಿ ಮೊದಲಿಂದಲೂ ಹೀಗೇ. ಹೆಕ್ಕಿದ ಒಂದೊಂದನ್ನೂ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ನಾವು ಮೂರು ಮೂರು ಮಕ್ಕಳ ತಂಡ ಮಾಡಿದೆವು. ಒಬ್ಬರು ಹೆಕ್ಕುವುದು, ಒಬ್ಬರು ಚೀಲ ಹಿಡಿಯುವುದು, ಒಬ್ಬರು ಬರೆಯುವುದು. ಬಾಟಲಿ ಮುಚ್ಚಳ, ಸ್ಟ್ರಾ, ಪೊಟ್ಟಣ, ಹೀಗೆ ಪ್ರತಿಯೊಂದಕ್ಕೂ ಗೀಟು. ಒಂದು ತಂಡ ಬರೀ ಸಿಗರೇಟ್ ತುಂಡಿನ ಗೀಟಿಗೇ ಹಾಳೆಯ ಎರಡೂ ಬದಿ ತುಂಬಿಸಿ ಇನ್ನೊಂದು ಹಾಳೆ ಕೇಳಿತು. "ಇದು ಹತ್ತಿ ಅಲ್ವಾ ಮಿಸ್, ಕರಗಿ ಹೋಗಲ್ವಾ?" ಅಂದಳು ಒಬ್ಬಳು. ಹತ್ತಿ ಅಲ್ಲ. ಫಿಲ್ಟರ್ ಮಾಡುವುದು ಸೆಲ್ಯುಲೋಸ್ ಅಸಿಟೇಟ್‌ನಿಂದ, ಅದೊಂದು ಪ್ಲಾಸ್ಟಿಕ್. ಅಷ್ಟು ಹೇಳಿದ್ದೇ ತಡ, ಇಡೀ ತಂಡ ಮೊಣಕಾಲೂರಿ ಹುಲ್ಲಿನ ಬುಡದಲ್ಲಿ ಹುಡುಕಲು ಶುರು ಮಾಡಿತು. ಹಿಂದಿನ ವರ್ಷ ಇಟ್ಟಿಗೆ ಹೊತ್ತವರಲ್ಲಿ ಇಬ್ಬರು ಆ ತಂಡದಲ್ಲಿದ್ದರು.

ಕೈಗವಸು ಹಾಕಿಸಿದ ಮೇಲೂ ಮೂರು ವಸ್ತುಗಳನ್ನು ಮಕ್ಕಳು ಮುಟ್ಟುವ ಹಾಗಿಲ್ಲ. ಸೂಜಿ, ಒಡೆದ ಗಾಜು, ಒಳಗೇನಿದೆಯೋ ಗೊತ್ತಿಲ್ಲದ ಮುಚ್ಚಿದ ಬಾಟಲಿ. ಅಂಥದ್ದು ಕಂಡರೆ ಅಲ್ಲೇ ನಿಂತು ಕೈ ಎತ್ತಬೇಕು. ದೊಡ್ಡವರು ಬಂದು ಇಕ್ಕಳದಲ್ಲಿ ಎತ್ತಿ ಗಟ್ಟಿ ಡಬ್ಬಿಗೆ ಹಾಕುತ್ತಾರೆ. ಇನ್ನೊಂದು ವಿಷಯ ಮರೆಯಬಾರದು: ತುಂಬಿದ ಚೀಲಗಳನ್ನು ಯಾರು, ಎಷ್ಟು ಹೊತ್ತಿಗೆ ಒಯ್ಯುತ್ತಾರೆ? ಒಂದು ಸಲ ಇದನ್ನು ಕೇಳಿಕೊಳ್ಳದೆ ಹೋಗಿದ್ದೆವು. ವಾರ ಕಳೆದರೂ ಚೀಲಗಳು ಅಲ್ಲೇ ಇದ್ದವು, ನಾಯಿಗಳು ಹರಿದು ಹಾಕಿದ್ದವು. ಹೆಕ್ಕಿದ್ದ ಮಕ್ಕಳೇ ದಿನಾ ಆ ದಾರಿಯಲ್ಲಿ ಬರಬೇಕಿತ್ತು. ಈಗ ಗಾಡಿ ಗೊತ್ತಾಗುವವರೆಗೆ ನಾನು ದಿನಾಂಕವನ್ನೇ ಒಪ್ಪುವುದಿಲ್ಲ.

ಕಣ್ಣಿನ ತಪಾಸಣೆ ಶಿಬಿರ ಮಕ್ಕಳಿಗೆ ತುಂಬಾ ಹೊಂದುವ ಜಾಗ. ಪಾಪೆ ಹಿಗ್ಗಲು ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬೆಳಕು ಕಂಡರೆ ಕಣ್ಣು ಕುಕ್ಕುತ್ತದೆ. ಅವರನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಕರೆದೊಯ್ಯುವವರು ಬೇಕೇ ಬೇಕು. ಆದರೆ ಮಕ್ಕಳು ಮೊದಲು ಮಾಡುವುದು ಏನು ಗೊತ್ತಾ? ಹಿಂದಿನಿಂದ ತೋಳು ಹಿಡಿದು ಮುಂದಕ್ಕೆ ತಳ್ಳುತ್ತಾರೆ. ಪ್ರೀತಿಯಿಂದಲೇ ತಳ್ಳುತ್ತಾರೆ. ತಳ್ಳಿಸಿಕೊಂಡವರಿಗೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಶಾಲೆಯ ಕಾರಿಡಾರಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರನ್ನೊಬ್ಬರು ನಡೆಸಲು ಹೇಳಿದೆ. ಹತ್ತು ಹೆಜ್ಜೆಗೆಲ್ಲಾ "ಏಯ್ ತಳ್ಬೇಡ್ವೋ" ಅಂತ ಗಲಾಟೆ. ಸರಿಯಾದ ಕ್ರಮ ಆಮೇಲೆ ಹೇಳಿದರೆ ತಲೆಗೆ ಹೋಗುತ್ತದೆ. ಮೊದಲು ನಿಮ್ಮ ಹೆಸರು ಹೇಳಿ, ಸಹಾಯ ಬೇಕಾ ಅಂತ ಕೇಳಿ. ನೀವು ಅವರನ್ನು ಹಿಡಿಯಬೇಡಿ, ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಅವರು ಹಿಡಿಯಲಿ. ನೀವು ಅರ್ಧ ಹೆಜ್ಜೆ ಮುಂದಿರಿ. ಮೆಟ್ಟಿಲು ಬಂದರೆ ನಿಂತು, ಹತ್ತುವುದೋ ಇಳಿಯುವುದೋ ಹೇಳಿ. ಕುರ್ಚಿ ಬಂದಾಗ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸಿ, ಕೂರುವುದು ಅವರಿಗೆ ಗೊತ್ತು. ಹೋಗುವಾಗ ಹೇಳಿ ಹೋಗಿ. ಇಲ್ಲದಿದ್ದರೆ ಖಾಲಿ ಗಾಳಿಗೆ ಮಾತಾಡುತ್ತಾ ಕೂತಿರುತ್ತಾರೆ.

ಉಳಿದ ಏರ್ಪಾಟು ಚಿಕ್ಕದು. ಒಂದು ಸಲಕ್ಕೆ ಹತ್ತು ಹನ್ನೆರಡು ಮಕ್ಕಳು, ಇಬ್ಬರು ದೊಡ್ಡವರು. ಮನೆಯವರ ಒಪ್ಪಿಗೆ ಪತ್ರ, ಅದರಲ್ಲಿ ಅಲರ್ಜಿ, ಔಷಧಿ, ಫೋನ್ ನಂಬರ್. ಎರಡು ಗಂಟೆಗೊಮ್ಮೆ ಕೆಲಸದ ಬದಲಿ. ಕೊನೆಯ ಮಗುವನ್ನು ಮನೆಯವರು ಬಂದು ಕರೆದೊಯ್ಯುವವರೆಗೆ ನಾನು ಹೊರಡುವುದಿಲ್ಲ. ಬೇಗ ಹೋಗುವ ಆಸೆ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸರ್ಟಿಫಿಕೇಟ್ ವಿಷಯ ಮಾತ್ರ ಇವತ್ತಿಗೂ ತಲೆನೋವು. "ಎಷ್ಟು ಗಂಟೆ ಅಂತ ಬರ್ಕೊಡಿ ಮೇಡಂ" ಅಂತ ಮನೆಯವರು ಬರುತ್ತಾರೆ. ಅವರದ್ದೇನೂ ತಪ್ಪಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಹೈಸ್ಕೂಲ್ ಮುಗಿಸಲು 40 ಗಂಟೆ ಸಮಾಜಸೇವೆ ಕಡ್ಡಾಯ, ಅಮೆರಿಕದ ಮೇರಿಲ್ಯಾಂಡಿನಲ್ಲಿ 75 ಗಂಟೆ. ಗಂಟೆ ಲೆಕ್ಕ ಇಟ್ಟರೆ ಬರದೇ ಇರುವವರೂ ಬರುತ್ತಾರೆ, ಅದು ನಿಜ. ಆದರೆ ಗೋಡೆಗೆ ಒರಗಿ ನಿಂತವನಿಗೂ ಅಷ್ಟೇ ಗಂಟೆ, ಕುರ್ಚಿ ಮುಂದೆ ಅಡ್ಡ ನಿಂತವಳಿಗೂ ಅಷ್ಟೇ ಗಂಟೆ. ಅದಕ್ಕೇ ಗಂಟೆ ಬರೆದುಕೊಡುವ ಮುಂಚೆ ಪ್ರತಿ ಮಗುವಿನಿಂದ ಎರಡು ಸಾಲು ಬರೆಸುತ್ತೇನೆ. ನಾನು ಏನು ಮಾಡಿದೆ? ನಾನು ಇಲ್ಲದಿದ್ದರೆ ಯಾರಿಗೆ ತೊಂದರೆ ಆಗುತ್ತಿತ್ತು?

ಹೆಚ್ಚಿನವರು ಶಾಲೆಯ ಪ್ರಬಂಧದ ಹಾಗೆ ಬರೆಯುತ್ತಾರೆ. ಬಿಡಿ, ಅಭ್ಯಾಸಬಲ. ಕಳೆದ ಸಲ ಒಂದು ಓಟದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಓಟಗಾರರಿಗೆ ನೀರು ಕೊಡಲು ಒಂಬತ್ತು ಮಕ್ಕಳು ಬೇಕೇ ಬೇಕು ಅಂದಿದ್ದರು. ಹೋಗಿ ನೋಡಿದರೆ ಆ ಮೇಜುಗಳಲ್ಲಿ ಆಗಲೇ ಬೇರೆಯವರು ತುಂಬಿಕೊಂಡಿದ್ದರು. ಹತ್ತನೇ ತರಗತಿಯ ಒಬ್ಬ ಹುಡುಗ ತನ್ನ ಹಾಳೆಯಲ್ಲಿ ಹೀಗೆ ಬರೆದಿದ್ದ: "ಏನೂ ಮಾಡಲಿಲ್ಲ. ಯಾರಿಗೂ ಆಗುತ್ತಿರಲಿಲ್ಲ."

ಆ ಹಾಳೆಯ ಫೋಟೋವನ್ನು ಆಯೋಜಕರಿಗೆ ಕಳಿಸಿದೆ. "ಮುಂದಿನ ಸಲ ಸರಿ ಮಾಡ್ತೀವಿ ಮೇಡಂ, ಇನ್ನೂ ಜಾಸ್ತಿ ಮಕ್ಕಳನ್ನ ಕರ್ಕೊಂಡು ಬನ್ನಿ" ಅಂತ ಉತ್ತರ ಬಂತು. ಹುಡುಗನಿಗೆ ಆ ದಿನದ ಮೂರು ಗಂಟೆ ಬರೆದುಕೊಟ್ಟೆ.